ಒಳ್ಳೆಯ ದೊರೆಯ ನಾಡಿನಲ್ಲಿ ಜನ ಬೀದಿಗಿಳಿದದ್ದೇಕೆ?

ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರು ಸಂಸ್ಥಾನದಲ್ಲಿ ಸುಮಾರು ಆರು ವಾರ ಬಂಧನ, ಲಾಠಿ, ಗೋಲಿಬಾರು ನಡೆದವು. ಬ್ರಿಟಿಷರು ಹೊರಟುಹೋಗಿದ್ದರು, ಅರಸರು ಜನಪ್ರಿಯರಾಗಿದ್ದರು. ಹಾಗಿದ್ದರೆ ಆ ಹೋರಾಟ ಯಾರ ವಿರುದ್ಧ, ಯಾವುದಕ್ಕಾಗಿ?

1947ರ ಸೆಪ್ಟೆಂಬರ್ 1. ಬ್ರಿಟಿಷರು ಅಧಿಕಾರ ಬಿಟ್ಟುಕೊಟ್ಟು ಹದಿನೇಳು ದಿನವಾಗಿತ್ತು. ದೆಹಲಿಯಲ್ಲಿ ನೆಹರೂ ಪ್ರಧಾನಿ. ಮುಂಬಯಿ, ಮದರಾಸು ಪ್ರಾಂತ್ಯಗಳಿಗೆ ಸೇರಿದ್ದ ಧಾರವಾಡ, ಬೆಳಗಾವಿ, ಮಂಗಳೂರುಗಳಲ್ಲಿ ಜನರಿಂದ ಆಯ್ಕೆಯಾದ ಮಂತ್ರಿಗಳ ಆಡಳಿತ. ಅದೇ ಹೊತ್ತಿಗೆ ಮೈಸೂರು ಸಂಸ್ಥಾನದ ಜನ ಹೊಸದೊಂದು ಸತ್ಯಾಗ್ರಹಕ್ಕೆ ಇಳಿದರು. ಅದರ ಹೆಸರು ‘ಮೈಸೂರು ಚಲೋ’. ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷ ಕೆ.ಸಿ. ರೆಡ್ಡಿ ಸೇರಿದಂತೆ ಮುಖಂಡರನ್ನು ಸರ್ಕಾರ ಒಬ್ಬೊಬ್ಬರನ್ನಾಗಿ ಹಿಡಿದು ಜೈಲಿಗೆ ಹಾಕಿತು. ಪತ್ರಿಕೆಗಳ ಬಾಯಿಗೆ ಬೀಗ ಬಿತ್ತು. ಮೈಸೂರು ನಗರದಲ್ಲಿ ಗುಂಡು ಹಾರಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಸತ್ತ. ಅರಮನೆಯಿಂದ ಕೂಗಳತೆಯಲ್ಲಿರುವ ಆ ವೃತ್ತವನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ದಿನವೂ ಸಾವಿರಾರು ವಾಹನ ಸುತ್ತುವ ಆ ಸರ್ಕಲ್ಲಿನಲ್ಲಿ ಸತ್ತ ಹುಡುಗ ಸ್ವತಂತ್ರ ಭಾರತದ ಪ್ರಜೆಯಾಗಿದ್ದ ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ.

ಶಾಲೆಯ ಪಾಠಗಳಲ್ಲಿ ಸ್ವಾತಂತ್ರ್ಯ ಹೋರಾಟವೆಂದರೆ ಒಂದೇ ಎದುರಾಳಿಯ ಕಥೆ. ಇತ್ತ ಜನ, ಅತ್ತ ಬ್ರಿಟಿಷರು. ದೇಶದ ಐನೂರ ಅರವತ್ತಕ್ಕೂ ಹೆಚ್ಚು ದೇಶೀಯ ಸಂಸ್ಥಾನಗಳಲ್ಲಿದ್ದ, ಒಟ್ಟು ಜನಸಂಖ್ಯೆಯ ಸುಮಾರು ಕಾಲು ಭಾಗದಷ್ಟಿದ್ದ ಜನರಿಗೆ ಈ ಕಥೆ ಪೂರ್ತಿ ಹೊಂದುವುದಿಲ್ಲ. ಅವರ ಕಂದಾಯ ಹೋಗುತ್ತಿದ್ದುದು ಅರಸನ ಖಜಾನೆಗೆ. ಅವರ ಮೇಲೆ ಲಾಠಿ ಬೀಸಿದವರು ಅರಸನ ಪೊಲೀಸರು. ಅದರಲ್ಲೂ ಮೈಸೂರಿನವರ ಸ್ಥಿತಿ ಇನ್ನೂ ವಿಚಿತ್ರ. ಬೇರೆ ಕಡೆ ಕೆಟ್ಟ ನವಾಬನನ್ನೋ ದುಂದುಗಾರ ರಾಜನನ್ನೋ ಬೈಯಬಹುದಿತ್ತು. ಇಲ್ಲಿ ಬೈಯುವುದಕ್ಕೆ ಅಂಥ ದೊರೆಯೇ ಇರಲಿಲ್ಲ.

ಷರತ್ತಿನ ಮೇಲೆ ಮರಳಿದ ರಾಜ್ಯ

1799ರಲ್ಲಿ ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಆ ರಾಜ್ಯವನ್ನು ಹರಿದು ಹಂಚಿತು. ಉಳಿದ ನಡುಭಾಗಕ್ಕೆ ಒಡೆಯರ ಮನೆತನದ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜರನ್ನು ಪಟ್ಟಕ್ಕೆ ಕೂರಿಸಿತು. ಪ್ರತಿಯಾಗಿ ಮೈಸೂರು ವರ್ಷ ವರ್ಷವೂ ಕಂಪನಿಗೆ ಏಳು ಲಕ್ಷ ವರಹ, ಎಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಪೊಗದಿ ಕಟ್ಟಬೇಕಾಯಿತು. ನಗರ ಸೀಮೆಯ ರೈತರು ದಂಗೆ ಎದ್ದದ್ದನ್ನೇ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಆಡಳಿತವನ್ನೂ ಕೈಗೆ ತೆಗೆದುಕೊಂಡರು. ಮುಂದಿನ ಐವತ್ತು ವರ್ಷ ಮೈಸೂರನ್ನು ಆಳಿದವರು ಕಮಿಷನರುಗಳು. ಮಾರ್ಕ್ ಕಬ್ಬನ್ ಅವರಲ್ಲಿ ಹೆಸರಾದವನು.

1881ರಲ್ಲಿ ರಾಜ್ಯ ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿತು. ಬ್ರಿಟಿಷ್ ಇಂಡಿಯಾದಲ್ಲಿ ಇದು ಅಪರೂಪದ ಘಟನೆ. ಆದರೆ ರಾಜ್ಯದ ಜೊತೆಗೆ ಬಂದ ಹಸ್ತಾಂತರ ಪತ್ರದ ತುಂಬ ಷರತ್ತುಗಳಿದ್ದವು. ಪೊಗದಿ ಮೂವತ್ತೈದು ಲಕ್ಷ ರೂಪಾಯಿಗೆ ಏರಿತು. ಹೆಚ್ಚಳದ ವಸೂಲಿಯನ್ನು ಮಾತ್ರ 1896ರವರೆಗೆ ಮುಂದೂಡಲಾಯಿತು. ಸೈನ್ಯ, ರೈಲು, ನಾಣ್ಯ, ಹೊರಗಿನ ವ್ಯವಹಾರ ಎಲ್ಲಕ್ಕೂ ಬ್ರಿಟಿಷರ ಒಪ್ಪಿಗೆ ಬೇಕು. ಷರತ್ತು ತಪ್ಪಿದರೆ ರಾಜ್ಯವನ್ನು ಮತ್ತೆ ವಶಪಡಿಸಿಕೊಳ್ಳುವ ಅಧಿಕಾರವನ್ನೂ ಅವರು ಉಳಿಸಿಕೊಂಡರು. 1913ರಲ್ಲಿ ಈ ಪತ್ರದ ಬದಲು ಹೆಚ್ಚು ಗೌರವದ ಭಾಷೆಯ ಒಪ್ಪಂದವೊಂದು ಬಂತು. ಹಿಡಿತ ಸಡಿಲವಾಗಲಿಲ್ಲ.

ಆ ಹಿಡಿತ ಕಣ್ಣಿಗೆ ಕಾಣುತ್ತಿದ್ದ ಜಾಗ ಬೆಂಗಳೂರು. ಊರಿನ ಒಂದು ಭಾಗ ಪೇಟೆ, ಇನ್ನೊಂದು ದಂಡು. ಪೇಟೆಯಲ್ಲಿ ಮಹಾರಾಜರ ಕಾನೂನು, ಮಹಾರಾಜರ ಪೊಲೀಸು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಕಡತಗಳಲ್ಲಿ ಹೆಸರಿದ್ದ ದಂಡು ಪ್ರದೇಶ ನೇರವಾಗಿ ಬ್ರಿಟಿಷರದು. ಅಲ್ಲಿನ ಕೋರ್ಟು, ಪೊಲೀಸು ಎಲ್ಲವೂ ಬೇರೆ. ಈಗ ರಾಜಭವನವಾಗಿರುವ ಬಂಗಲೆಯಲ್ಲಿ ಕೂತು ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟ್ ಸಾಹೇಬರು ಇಡೀ ಸಂಸ್ಥಾನದ ಮೇಲೆ ಕಣ್ಣಿಟ್ಟಿರುತ್ತಿದ್ದರು. ಮೈಸೂರಿನ ರಾಜಧಾನಿಯ ನಡುವಿನಲ್ಲೇ ಇದ್ದ ಈ ತುಂಡು ಸಂಸ್ಥಾನಕ್ಕೆ ಮರಳಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮುಂಚೆ.

ಮಾದರಿ ಸಂಸ್ಥಾನ

ಇಷ್ಟು ಕಟ್ಟುಪಾಡುಗಳ ನಡುವೆಯೂ ಮೈಸೂರು ಮಾಡಿ ತೋರಿಸಿದ್ದು ಕಡಿಮೆಯೇನಲ್ಲ. 1894ರಲ್ಲೇ ಬಾಲ್ಯವಿವಾಹ ತಡೆಯುವ ಕಾನೂನು ಬಂತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಮೂರು ವರ್ಷದಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪ ಬಂತು. ಟಾಟಾ ಇನ್‌ಸ್ಟಿಟ್ಯೂಟಿಗೆ ಸಂಸ್ಥಾನವೇ ಜಾಗ ಕೊಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಆಮೇಲೆ ಕನ್ನಂಬಾಡಿ ಅಣೆಕಟ್ಟೆಯ ನೀರು, ಮಂಡ್ಯದ ಸಕ್ಕರೆ. ಸರ್ಕಾರಿ ಕೆಲಸಗಳು ಒಂದೇ ಜಾತಿಯ ಪಾಲಾಗುತ್ತಿವೆ ಎಂಬ ದೂರು ಬಂದಾಗ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು; ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಡುವ ದಾರಿ ತೆರೆಯಿತು.

ಹೆಚ್ಚಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದಾದ ಈ ಕೆಲಸಗಳನ್ನು ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಿರಿಯರು ಈಗಲೂ ನೆನೆಯುತ್ತಾರೆ. ಎಷ್ಟೋ ಮನೆಗಳ ನಡುಮನೆಯಲ್ಲಿ ದೇವರ ಪಟದ ಸಾಲಿನಲ್ಲೇ ನಾಲ್ವಡಿಯವರ ಪಟವೂ ಇರುತ್ತಿತ್ತು. 1927ರಲ್ಲಿ ಕಾಯಿಲೆಬಿದ್ದ ಗಾಂಧೀಜಿ ಚೇತರಿಸಿಕೊಳ್ಳಲು ಬಂದು ತಂಗಿದ್ದು ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನಲ್ಲಿ. ಈ ಆಡಳಿತವನ್ನು ಅವರು ರಾಮರಾಜ್ಯಕ್ಕೆ ಹೋಲಿಸಿ ಹೊಗಳಿದ್ದರು. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಮಹಾರಾಜರ ಸಹಪಾಠಿ. ಊರುಗಳಿಗೆ ಉದ್ಯಾನ, ಬೀದಿಗೆ ದೀಪದ ಕಂಬ, ಹಳ್ಳಿಗೆ ನೀರು ಎಂದು ಓಡಾಡಿದ ಕೆಲಸಗಾರ.

ಹೀಗಿರುವಾಗ ಜನರಿಗೆ ಇನ್ನೇನು ಬೇಕಿತ್ತು? ಅರಮನೆಯ ಸುತ್ತಲಿದ್ದವರು ಈ ಪ್ರಶ್ನೆಯನ್ನು ನಿಜವಾದ ಅಚ್ಚರಿಯಿಂದಲೇ ಕೇಳುತ್ತಿದ್ದರು. ಅದಕ್ಕೆ ಉತ್ತರ ಸಿಗುವುದು ಆಗಿನ ಸಭೆಗಳು ನಡೆಯುತ್ತಿದ್ದ ರೀತಿಯಲ್ಲಿ.

ಮಾತಾಡಬಹುದು, ಇಳಿಸುವಂತಿಲ್ಲ

ರಾಜ್ಯ ಮರಳಿದ ವರ್ಷವೇ, 1881ರ ಅಕ್ಟೋಬರಿನ ದಸರೆಗೆ, ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಕರೆದರು. ತಾಲ್ಲೂಕು ತಾಲ್ಲೂಕಿನಿಂದ ರೈತರು, ವರ್ತಕರು ಸೇರಿ 144 ಮಂದಿ ಬಂದರು. ದೇಶೀಯ ಸಂಸ್ಥಾನವೊಂದರಲ್ಲಿ ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ದಿವಾನರು ವರ್ಷದ ಆಯವ್ಯಯ ಓದುತ್ತಿದ್ದರು. ಪ್ರತಿನಿಧಿಗಳು ಎದ್ದು ನಿಂತು ಕೆರೆ ಒಡೆದದ್ದು, ಕಂದಾಯ ಹೆಚ್ಚಾದದ್ದು, ರಸ್ತೆ ಕೆಟ್ಟದ್ದು, ತಾಲ್ಲೂಕಿನ ಅಮಲ್ದಾರರ ಕಿರುಕುಳ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರು. 1891ರಿಂದ ಚುನಾವಣೆಯೂ ಬಂತು. ಮತದ ಹಕ್ಕು ಮಾತ್ರ ಆಸ್ತಿ, ವಿದ್ಯೆ ಇದ್ದವರಿಗೆ. 1907ರಲ್ಲಿ ನ್ಯಾಯ ವಿಧಾಯಕ ಸಭೆ ಎಂಬ ಎರಡನೆಯ ಮನೆಯೂ ಸೇರಿಕೊಂಡಿತು. 1923ರ ಸುಧಾರಣೆಯಿಂದ ಎರಡೂ ಸಭೆಗಳಿಗೆ ಕಾನೂನಿನ ಆಧಾರ ಸಿಕ್ಕಿತು.

ಆದರೆ ಸಭೆಗೆ ಅಧ್ಯಕ್ಷರು ದಿವಾನರೇ. ದೂರು ಹೇಳಬೇಕಾದದ್ದು ಅವರ ಮುಂದೆ, ಉತ್ತರ ಕೊಡುವವರೂ ಅವರೇ. ಸಭೆ ಒಮ್ಮತದಿಂದ ಬೇಡ ಎಂದರೂ ದಿವಾನರ ಕುರ್ಚಿ ಅಲುಗಾಡುತ್ತಿರಲಿಲ್ಲ. ಅವರನ್ನು ನೇಮಿಸುವವರು ಮಹಾರಾಜರು, ತೆಗೆಯುವವರೂ ಮಹಾರಾಜರು. ಮಹಾರಾಜರ ಬೆನ್ನಿಗೆ ರೆಸಿಡೆಂಟ್. ಆಡಳಿತ ಎಷ್ಟೇ ಚೆನ್ನಾಗಿದ್ದರೂ ಅದು ಮೇಲಿನಿಂದ ಇಳಿದುಬರುವ ದಯೆಯಾಗಿತ್ತು. ದಯೆ ನಿಂತ ದಿನ ಜನರ ಕೈಯಲ್ಲಿ ಅರ್ಜಿಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

ಮಂಡ್ಯದ ರೈತರಿಗೆ ಇದರ ಬಿಸಿ ಮೊದಲು ತಟ್ಟಿತು. ಕನ್ನಂಬಾಡಿಯಿಂದ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಬಂದಾಗ ನೀರಿನ ಜೊತೆಗೆ ಹೊಸ ಹೊರೆಯೂ ಬಂತು. ನಾಲೆಯ ಕೆಳಗಿನ ಜಮೀನಿಗೆ ಸರ್ಕಾರ ವಂತಿಗೆ ಹಾಕಿತು. ಬೆಲೆಗಳು ಪಾತಾಳ ಕಂಡಿದ್ದ 1930ರ ದಶಕದ ಆರಂಭವದು. ರೈತರು ಗುಂಪುಕಟ್ಟಿಕೊಂಡು ಚಳವಳಿ ಹೂಡಿದರು. ನಾಲೆ ಒಳ್ಳೆಯದೇ ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಅದರ ಖರ್ಚನ್ನು ಯಾರು ಎಷ್ಟು ಹೊರಬೇಕೆಂದು ತೀರ್ಮಾನಿಸುವಾಗ ನಮ್ಮನ್ನು ಕೇಳಿದಿರಾ ಎಂಬುದು ಅವರ ಪ್ರಶ್ನೆ. ಆಗಿನ ಚಳವಳಿಗಾರರ ಬಾಯಲ್ಲಿದ್ದ ‘ಜವಾಬ್ದಾರಿ ಸರ್ಕಾರ’ದ ಬೇಡಿಕೆಯ ತಿರುಳು ಇದೇ. ಮಂತ್ರಿಗಳು ಅರಮನೆಗೆ ಲೆಕ್ಕ ಒಪ್ಪಿಸುವುದನ್ನು ಬಿಟ್ಟು ಸಭೆಗೆ ಒಪ್ಪಿಸಬೇಕು; ಸಭೆಗೆ ಬೇಡವಾದ ದಿನ ಮನೆಗೆ ಹೋಗಬೇಕು.

ಕಾಂಗ್ರೆಸ್ಸಿನ ಇಬ್ಬಂದಿ

ಈ ಬೇಡಿಕೆಗೆ ಅಖಿಲ ಭಾರತ ಕಾಂಗ್ರೆಸ್ಸಿನಿಂದ ತಕ್ಷಣ ಬೆಂಬಲ ಸಿಗಲಿಲ್ಲ. ಬ್ರಿಟಿಷರ ಜೊತೆಗಿನ ಕದನದ ನಡುವೆ ನೂರಾರು ಅರಸರನ್ನೂ ಎದುರು ಹಾಕಿಕೊಳ್ಳುವುದು ಗಾಂಧೀಜಿಗೆ ಬೇಕಿರಲಿಲ್ಲ. ಸಂಸ್ಥಾನದ ಜನ ತಮ್ಮ ಕಾಲ ಮೇಲೆ ತಾವು ನಿಲ್ಲಲಿ, ಖಾದಿ ನೂಲಲಿ, ಅಸ್ಪೃಶ್ಯತೆ ತೊಲಗಿಸಲಿ ಎಂಬುದು ಅವರ ಸಲಹೆ. 1937ರ ಅಕ್ಟೋಬರಿನಲ್ಲಿ ಮುಂಬಯಿಯ ಕಾಂಗ್ರೆಸ್ ಮುಖಂಡ ಕೆ.ಎಫ್. ನಾರಿಮನ್ ಬೆಂಗಳೂರಿಗೆ ಬಂದಾಗ ಮೈಸೂರು ಪೊಲೀಸರು ಅವರನ್ನು ಬಂಧಿಸಿದರು. ಊರು ಹೊತ್ತಿಕೊಂಡಿತು. ಕಲ್ಕತ್ತದಲ್ಲಿ ಸೇರಿದ ಕಾಂಗ್ರೆಸ್ ಮಹಾಸಮಿತಿ ಮೈಸೂರಿನ ದಬ್ಬಾಳಿಕೆಯನ್ನು ಖಂಡಿಸಿ ನಿರ್ಣಯ ಮಾಡಿತು. ಗಾಂಧೀಜಿ ಆ ನಿರ್ಣಯವನ್ನೇ ಒಪ್ಪಲಿಲ್ಲ. 1938ರ ಫೆಬ್ರವರಿಯ ಹರಿಪುರ ಅಧಿವೇಶನ ಸಂಸ್ಥಾನಗಳೊಳಗಿನ ಹೋರಾಟವನ್ನು ಕಾಂಗ್ರೆಸ್ಸಿನ ಹೆಸರಿನಲ್ಲಿ ನಡೆಸಬಾರದೆಂದು ಗೆರೆ ಎಳೆಯಿತು.

ಅಷ್ಟರಲ್ಲಿ ಮೈಸೂರಿನೊಳಗೆ ಇನ್ನೊಂದು ಬದಲಾವಣೆ ಆಗಿತ್ತು. ಅದುವರೆಗೆ ಇಲ್ಲಿನ ಕಾಂಗ್ರೆಸ್ ಎಂದರೆ ಬೆಂಗಳೂರು, ಮೈಸೂರುಗಳ ವಕೀಲರು, ವಿದ್ಯಾವಂತರು. ಅವರಲ್ಲಿ ಬ್ರಾಹ್ಮಣರೇ ಹೆಚ್ಚು. ಬ್ರಾಹ್ಮಣೇತರ ಮುಖಂಡರು 1917ರ ಪ್ರಜಾಮಿತ್ರ ಮಂಡಳಿಯಿಂದ ಹಿಡಿದು ಬೇರೆ ಬೇರೆ ಪಕ್ಷ ಕಟ್ಟಿಕೊಂಡು, ಸರ್ಕಾರಿ ಕೆಲಸಗಳಲ್ಲಿ ಪಾಲು ಕೇಳುತ್ತ ಅರಮನೆಗೆ ಹತ್ತಿರವಾಗಿಯೇ ಇದ್ದರು. 1937ರಲ್ಲಿ ಕೋಲಾರ ಸೀಮೆಯ ಕೆ.ಸಿ. ರೆಡ್ಡಿ, ಎಚ್.ಸಿ. ದಾಸಪ್ಪ ಮೊದಲಾದವರಿದ್ದ ಪ್ರಜಾ ಸಂಯುಕ್ತ ಪಕ್ಷ ಕಾಂಗ್ರೆಸ್ಸಿನಲ್ಲಿ ಸೇರಿಹೋಯಿತು. ಮೀಸಲಾತಿಯಿಂದ ಕೆಲಸ ಸಿಗಬಹುದು, ಅಧಿಕಾರ ಸಿಗುವುದಿಲ್ಲ ಎಂಬುದು ಅವರಿಗೆ ಅಷ್ಟು ಹೊತ್ತಿಗೆ ಮನವರಿಕೆಯಾಗಿತ್ತು. ಈ ಕೂಡಿಕೆಯಿಂದ ಪಟ್ಟಣದ ಚಳವಳಿಗೆ ಹಳ್ಳಿಗಳ ಬಾಗಿಲು ತೆರೆಯಿತು. ಗೌಡರು, ಪಟೇಲರು, ಸಣ್ಣ ರೈತರು ಒಳಕ್ಕೆ ಬಂದರು. ಹರಿಪುರದ ಗೆರೆ ದಾಟಲು ಬೇಕಾದ ಜನಬಲ ಹುಟ್ಟಿದ್ದು ಇಲ್ಲಿಂದ.

ಹದಿನಾಲ್ಕು ದಿನ, ಎರಡು ಊರು

ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನಕ್ಕೆ ಆರಿಸಿಕೊಂಡ ಜಾಗ ಶಿವಪುರ. ಮದ್ದೂರಿನ ಪಕ್ಕ, ಬೆಂಗಳೂರು–ಮೈಸೂರು ದಾರಿಯಲ್ಲಿ, ಶಿಂಷಾ ನದಿಯ ಆಸುಪಾಸು. ಇರ್ವಿನ್ ನಾಲೆಯ ಚಳವಳಿ ಕಂಡ ಸೀಮೆಯೇ ಅದು. ತಿರುಮಲೇಗೌಡರು ತಮ್ಮ ಜಮೀನು ಬಿಟ್ಟುಕೊಟ್ಟರು. ಅಧ್ಯಕ್ಷತೆ ಟಿ. ಸಿದ್ಧಲಿಂಗಯ್ಯನವರದು. 1938ರ ಏಪ್ರಿಲ್ 11ರಂದು ಅಧಿವೇಶನ ಆರಂಭವಾಗುವ ಹೊತ್ತಿಗೆ ಜಿಲ್ಲಾ ಮ್ಯಾಜಿಸ್ಟ್ರೇಟರ ಆಜ್ಞೆ ಬಂತು: ಚರಕದ ಬಾವುಟ ಹಾರಿಸಕೂಡದು.

ಸರ್ಕಾರಕ್ಕೆ ಬಾವುಟದ ಮೇಲೇಕೆ ಇಷ್ಟು ಸಿಟ್ಟು? ಸಂಸ್ಥಾನದ ನೆಲದಲ್ಲಿ ಗಂಡಭೇರುಂಡದ ಧ್ವಜವೊಂದೇ ಹಾರಬೇಕು ಎಂಬುದು ಅದರ ವಾದ. ಇನ್ನೊಂದು ಬಾವುಟ ಏರಿದರೆ ಇನ್ನೊಬ್ಬ ಒಡೆಯನಿದ್ದಾನೆ ಎಂದು ಒಪ್ಪಿಕೊಂಡ ಹಾಗೆ. ಚಳವಳಿಗಾರರಿಗೂ ಅದು ಗೊತ್ತಿತ್ತು. ಸಿದ್ಧಲಿಂಗಯ್ಯ ಆಜ್ಞೆ ಮುರಿದರು, ಬಂಧನಕ್ಕೊಳಗಾದರು. ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು, ಬುತ್ತಿ ಹೊತ್ತುಕೊಂಡು ಬಂದಿದ್ದ ಸಾವಿರಾರು ಜನರ ಎದುರಿನಲ್ಲಿ ಧ್ವಜ ಏರಿತು. ಮುಖಂಡರು ಒಬ್ಬರ ಹಿಂದೆ ಒಬ್ಬರು ಪೊಲೀಸರ ವಶವಾದರು. ಜಾತ್ರೆಗೆ ಬಂದಂತೆ ಬಂದಿದ್ದವರು ಊರಿಗೆ ಮರಳುವಾಗ ಸರ್ಕಾರದ ಆಜ್ಞೆಯೊಂದನ್ನು ಕಣ್ಣೆದುರೇ ಮುರಿದದ್ದನ್ನು ನೋಡಿ ಹೋದರು. ಮುಂದಿನ ದಿನಗಳಲ್ಲಿ ಸಂಸ್ಥಾನದ ಊರೂರಿನಲ್ಲಿ ಧ್ವಜ ಸತ್ಯಾಗ್ರಹ ಶುರುವಾಯಿತು.

ಏಪ್ರಿಲ್ 25. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. ಮಹಾಭಾರತದ ವಿದುರ ನೆಟ್ಟನೆಂದು ನಂಬಿದ ಅಶ್ವತ್ಥ ಮರ, ಅದರ ಸುತ್ತ ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ನೂರಾರು ನಾಗರಕಲ್ಲು, ಪಕ್ಕದಲ್ಲಿ ಉತ್ತರ ಪಿನಾಕಿನಿ. ಚೈತ್ರದ ಜಾತ್ರೆಯ ದಿನಗಳಾದ್ದರಿಂದ ಸುತ್ತಮುತ್ತಲ ಜನ ಸಹಜವಾಗಿಯೇ ಸೇರಿದ್ದರು. ನಿಷೇಧಾಜ್ಞೆ ಇದ್ದರೂ ಕಾಂಗ್ರೆಸ್ಸಿನವರು ಸಭೆ ಸೇರಿಸಿದರು. ಪೊಲೀಸರು ಚದುರಿಸಲು ಹೋದರು, ತಳ್ಳಾಟವಾಯಿತು, ಗುಂಡು ಹಾರಿತು. ಸತ್ತವರು ಹತ್ತು ಮಂದಿ ಎಂದಿತು ಸರ್ಕಾರದ ಲೆಕ್ಕ. ಜನರ ಲೆಕ್ಕ ಮೂವತ್ತೆರಡು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಆ ಊರಿಗೆ ಅಂಟಿಕೊಂಡಿತು. ಅಮೃತಸರದಲ್ಲಿ ಗುಂಡಿಕ್ಕಿಸಿದವನು ಬ್ರಿಟಿಷ್ ಜನರಲ್. ಇಲ್ಲಿ ಟ್ರಿಗರ್ ಎಳೆದವರು ಮೈಸೂರಿನ ಪೊಲೀಸರು, ಬಿದ್ದವರು ಮೈಸೂರಿನ ರೈತರು.

ಮಾದರಿ ಸಂಸ್ಥಾನದ ಹೆಸರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇರಲಿಲ್ಲ. ಅದುವರೆಗೆ ದೂರ ನಿಂತಿದ್ದ ರಾಷ್ಟ್ರೀಯ ಕಾಂಗ್ರೆಸ್ ಈಗ ಸುಮ್ಮನಿರುವಂತಿರಲಿಲ್ಲ. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ಮಿರ್ಜಾ ಇಸ್ಮಾಯಿಲರ ಜೊತೆ ಮಾತಿಗೆ ಕೂತರು. ಮೇ ತಿಂಗಳಲ್ಲಿ ಆದ ಒಪ್ಪಂದದಂತೆ ಸರ್ಕಾರ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಕೊಟ್ಟಿತು, ಬಂಧಿತರನ್ನು ಬಿಟ್ಟಿತು. ಸಂಸ್ಥಾನದ ಧ್ವಜದ ಜೊತೆಯಲ್ಲಿ ರಾಷ್ಟ್ರಧ್ವಜವೂ ಹಾರಬಹುದೆಂದಾಯಿತು. ಗೋಲಿಬಾರಿನ ತನಿಖೆಗೆ ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿ ಬಂತು. ಮರು ವರ್ಷದ ತ್ರಿಪುರಿ ಅಧಿವೇಶನದ ಹೊತ್ತಿಗೆ ಹರಿಪುರದ ಗೆರೆಯೇ ಮಸುಕಾಗಿತ್ತು. ಸಂಸ್ಥಾನಗಳ ಹೋರಾಟವೂ ದೇಶದ ಹೋರಾಟವೇ ಎಂದು ಕಾಂಗ್ರೆಸ್ ಒಪ್ಪಿಕೊಳ್ಳುವುದರಲ್ಲಿ ರಾಜಕೋಟೆ, ಒಡಿಶಾದ ಸಂಸ್ಥಾನಗಳು, ತಿರುವಾಂಕೂರುಗಳ ಜೊತೆಗೆ ಮೈಸೂರಿನ ಈ ಎರಡು ಹಳ್ಳಿಗಳ ಪಾಲೂ ಇದೆ.

ಬಾವುಟ ಏರಿತಾದರೂ ದಿವಾನರ ಕುರ್ಚಿ ಇದ್ದಲ್ಲೇ ಇತ್ತು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಜನ ಕೊಡಲಿ ಹಿಡಿದು ಈಚಲು ಮರಗಳನ್ನು ಕಡಿದರು. ಈಚಲಿನಿಂದ ಹೆಂಡ, ಹೆಂಡದಿಂದ ಸರ್ಕಾರಕ್ಕೆ ಅಬ್ಕಾರಿ ವರಮಾನ. ಒಂದೇ ಏಟಿಗೆ ಪಾನನಿರೋಧವೂ ಆಯಿತು, ಖಜಾನೆಗೆ ಪೆಟ್ಟೂ ಬಿತ್ತು.

ಈಸೂರು: ಗಾಂಧಿ ಟೋಪಿಯ ಸರ್ಕಾರ

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಅವರ ತಮ್ಮನ ಮಗ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದಾಗ ವಯಸ್ಸು ಇಪ್ಪತ್ತೊಂದು. ಮಹಾಯುದ್ಧ ನಡೆದಿತ್ತು, ದವಸಕ್ಕೆ ತತ್ವಾರ ಬಂದಿತ್ತು. 1942ರ ಆಗಸ್ಟಿನಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದದ್ದೇ ತಡ, ಬೆಂಗಳೂರಿನ ಗಿರಣಿಗಳು ನಿಂತವು, ಕಾಲೇಜುಗಳು ಬರಿದಾದವು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರು ಮಾತ್ರ ಬೇರೆ ಯಾರೂ ಹೋಗದಷ್ಟು ದೂರ ಹೋಯಿತು.

ಸಾಹುಕಾರ್ ಬಸವಣ್ಣೆಪ್ಪ ಮೊದಲಾದವರ ಮುಂದಾಳತ್ವದಲ್ಲಿ ಊರಿನವರು ತಮ್ಮನ್ನು ತಾವೇ ಸ್ವತಂತ್ರರೆಂದು ಸಾರಿಕೊಂಡರು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಕಟ್ಟಿದರು. ಶಾನುಭೋಗರು, ಪಟೇಲರಿಂದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು, ಏಕೆಂದರೆ ಹಳ್ಳಿಯ ಮಟ್ಟಿಗೆ ಸರ್ಕಾರವೆಂದರೆ ಆ ಪುಸ್ತಕಗಳೇ. ಜಯಣ್ಣ ಎಂಬ ಹುಡುಗನನ್ನು ಅಮಲ್ದಾರನನ್ನಾಗಿ, ಮಲ್ಲಪ್ಪ ಎಂಬುವನನ್ನು ಸಬ್‌ಇನ್‌ಸ್ಪೆಕ್ಟರನನ್ನಾಗಿ ನೇಮಿಸಿದರು. ಸರ್ಕಾರಿ ನೌಕರರು ಗಾಂಧಿ ಟೋಪಿ ಹಾಕದೆ ಊರೊಳಗೆ ಕಾಲಿಡುವಂತಿಲ್ಲ ಎಂಬ ಕಟ್ಟಳೆಯನ್ನೂ ಮಾಡಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ಹುಟ್ಟಿದ್ದು ಆಗ.

ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್‌ಇನ್‌ಸ್ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಊರಿಗೆ ಬಂದರು. ಟೋಪಿಯ ಮಾತಿನಿಂದ ಶುರುವಾದ ಜಗಳ ಹೊಡೆದಾಟಕ್ಕೆ ತಿರುಗಿತು. ಜನ ಇಬ್ಬರನ್ನೂ ಹೊಡೆದು ಕೊಂದರು. ಅಹಿಂಸೆಯ ಚಳವಳಿ ಅಲ್ಲಿಗೆ ಮುಗಿಯಿತು. ಅದನ್ನು ಮುಚ್ಚಿಟ್ಟು ಈಸೂರಿನ ಕಥೆ ಹೇಳಲಾಗದು. ಸತ್ತ ಇಬ್ಬರೂ ಕನ್ನಡಿಗರೇ, ಸಂಬಳಕ್ಕೆ ದುಡಿಯುತ್ತಿದ್ದವರೇ.

ಆಮೇಲೆ ಪಡೆ ಬಂತು. ಗಂಡಸರು ಕಾಡು ಸೇರಿದರು, ಮನೆಗಳು ಲೂಟಿಯಾದವು, ಹೆಂಗಸರೂ ಜೈಲು ಕಂಡರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಆ ಜೈಲಿನ ಜಾಗ ಇಂದು ಫ್ರೀಡಂ ಪಾರ್ಕ್. ಶಿಕ್ಷೆ ಕೊಟ್ಟದ್ದು ಮೈಸೂರಿನ ನ್ಯಾಯಾಲಯ, ಜಾರಿ ಮಾಡಿದ್ದು ಮೈಸೂರಿನ ಜೈಲು. ಬ್ರಿಟಿಷರೇ, ಭಾರತ ಬಿಟ್ಟು ತೊಲಗಿರಿ ಎಂದ ಚಳವಳಿಯಲ್ಲಿ ಐವರು ರೈತಾಪಿ ಜನರ ಪ್ರಾಣ ತೆಗೆದದ್ದು ಮಾದರಿ ಸಂಸ್ಥಾನದ ಕಾನೂನು.

ಸ್ವಾತಂತ್ರ್ಯ ಬಂದ ಮೇಲಿನ ಸತ್ಯಾಗ್ರಹ

1947ರ ಬೇಸಿಗೆಯಲ್ಲಿ ಬ್ರಿಟಿಷರು ಹೊರಡುವುದು ಖಚಿತವಾದಾಗ ಸಂಸ್ಥಾನಗಳ ಮುಂದೆ ಹೊಸ ಪ್ರಶ್ನೆ ಬಂತು. ಬ್ರಿಟಿಷ್ ದೊರೆತನ ಕೊನೆಗೊಂಡರೆ ಅರಸರೊಂದಿಗಿನ ಅದರ ಒಪ್ಪಂದಗಳೂ ಕೊನೆಗೊಳ್ಳುತ್ತವೆ. ಹೈದರಾಬಾದಿನ ನಿಜಾಮರು ಯಾರಿಗೂ ಸೇರುವುದಿಲ್ಲವೆಂದರು; ಕಲಬುರಗಿ, ರಾಯಚೂರು, ಬೀದರಿನ ಜನ 1948ರ ಸೆಪ್ಟೆಂಬರಿನವರೆಗೆ ರಜಾಕಾರರ ಕಾಟ ಅನುಭವಿಸಬೇಕಾಯಿತು. ಮೈಸೂರಿನಲ್ಲಿ ಆ ತಕರಾರು ಇರಲಿಲ್ಲ. ಜಯಚಾಮರಾಜ ಒಡೆಯರು ಆಗಸ್ಟ್ 9ರಂದೇ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು.

ಆದರೆ ಆ ಪತ್ರ ಭಾರತ ಸರ್ಕಾರಕ್ಕೆ ಕೊಟ್ಟದ್ದು ಮೂರೇ ವಿಷಯ: ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ. ಪೊಲೀಸು, ಕಂದಾಯ, ಕೋರ್ಟು, ಶಾಲೆ ಎಲ್ಲವೂ ಅರಮನೆಯ ಬಳಿಯೇ ಉಳಿದವು. ರೆಸಿಡೆಂಟ್ ಹೋಗಿದ್ದ, ದಿವಾನರು ಹಾಗೆಯೇ ಇದ್ದರು. ಒಂದು ರೀತಿಯಲ್ಲಿ ದಿವಾನರು ಮುಂಚಿಗಿಂತ ಸ್ವತಂತ್ರರಾಗಿದ್ದರು, ಮೇಲಿನಿಂದ ಕೇಳುವ ಸಾಹೇಬನೂ ಇಲ್ಲ, ಕೆಳಗಿನಿಂದ ಕೇಳುವ ಸಭೆಯೂ ಇಲ್ಲ. ಆಗಿನ ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್, ವಿಶ್ವಸಂಸ್ಥೆಯ ಅಂಗಳದಲ್ಲೂ ಹೆಸರು ಮಾಡಿದ್ದ ಮುತ್ಸದ್ದಿ. ಸುಧಾರಣೆಗಳನ್ನು ಹಂತ ಹಂತವಾಗಿ ತರುವ ಅವರ ಮಾತನ್ನು ಕೇಳುವ ತಾಳ್ಮೆ ಜನರಿಗೆ ಉಳಿದಿರಲಿಲ್ಲ.

ಸೆಪ್ಟೆಂಬರ್ 1ರಿಂದ ಸತ್ಯಾಗ್ರಹಿಗಳು ತಂಡ ತಂಡವಾಗಿ ಹೊರಟರು. ಗುರಿ ಮೈಸೂರು, ಅರಮನೆಯ ಬಾಗಿಲು. ‘ಆರ್ಕಾಟ್ ಬಾಯ್ಕಾಟ್’ ಎಂದು ಬೀದಿಯ ಹುಡುಗರು ಪ್ರಾಸಕಟ್ಟಿ ಕೂಗಿದರು; ಮಹಾರಾಜರ ಆಪ್ತ ಕಾರ್ಯದರ್ಶಿ ತಂಬೂಚೆಟ್ಟಿಯವರಿಗೂ ಅದೇ ಧಾಟಿಯ, ಇನ್ನೂ ಖಾರವಾದ ಘೋಷಣೆ ಸಿಕ್ಕಿತು. ಗಮನಿಸಬೇಕಾದದ್ದು, ಮಹಾರಾಜರಿಗೆ ಧಿಕ್ಕಾರವಿರಲಿಲ್ಲ. ಬೇಡಿಕೆ ಇದ್ದದ್ದೇ ಮಹಾರಾಜರ ಆಶ್ರಯದಲ್ಲಿ ಜವಾಬ್ದಾರಿ ಸರ್ಕಾರ ಬರಲಿ ಎಂದು. ಪಟ ತೆಗೆಯುವುದು ಜನರಿಗೆ ಬೇಕಿರಲಿಲ್ಲ, ಪೆಟ್ಟಿಗೆಯ ಬೀಗದ ಕೈ ಬೇಕಿತ್ತು.

ಪತ್ರಿಕೆಗಳ ಮೇಲೆ ನಿರ್ಬಂಧ ಬಂದಾಗ ಎಚ್.ಎಸ್. ದೊರೆಸ್ವಾಮಿಯವರು ತಮ್ಮ ‘ಪೌರವಾಣಿ’ಯನ್ನು ಹಿಂದೂಪುರದಿಂದ ಹೊರಡಿಸಿದರು. ಗೌರಿಬಿದನೂರಿನ ಗಡಿ ದಾಟಿದರೆ ಹಿಂದೂಪುರ, ಆಗ ಮದರಾಸು ಪ್ರಾಂತ್ಯ. ಮೈಸೂರಿನ ಪೊಲೀಸರ ಕೈ ಅಲ್ಲಿಗೆ ಚಾಚುತ್ತಿರಲಿಲ್ಲ. ಹಿಂದೆ ಬ್ರಿಟಿಷರ ಕಣ್ಣು ತಪ್ಪಿಸಲು ಸಂಸ್ಥಾನಗಳೊಳಕ್ಕೆ ನುಸುಳುತ್ತಿದ್ದರು. ಈಗ ಸಂಸ್ಥಾನದ ಕಣ್ಣು ತಪ್ಪಿಸಲು ಸ್ವತಂತ್ರ ಭಾರತದ ನೆಲಕ್ಕೆ ಹೋಗಬೇಕಾಯಿತು.

ಸೆಪ್ಟೆಂಬರ್ ಪೂರ್ತಿ ಜೈಲುಗಳು ತುಂಬಿದವು, ಶಾಲೆಗಳು ಮುಚ್ಚಿದವು. ಅಕ್ಟೋಬರ್ ಎರಡನೆಯ ವಾರದಲ್ಲಿ ಅರಮನೆ ಮಣಿಯಿತು. ಮುಖಂಡರ ಬಿಡುಗಡೆಯಾಯಿತು, ಒಪ್ಪಂದವಾಯಿತು. ಅಕ್ಟೋಬರ್ ಕೊನೆಯ ವಾರ, ದಸರೆಯ ಹೊತ್ತಿಗೆ, ಕೆ.ಸಿ. ರೆಡ್ಡಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ರಂಗಾಚಾರ್ಲು ಮೊದಲ ಪ್ರತಿನಿಧಿ ಸಭೆ ಕರೆದು ಅರವತ್ತಾರು ವರ್ಷವಾಗಿತ್ತು.

ಗೆದ್ದದ್ದು ಏನು?

ಅರಸರು ಸೋತರೆಂದು ಈ ಕಥೆಯನ್ನು ಮುಗಿಸಲಾಗದು. ಜಯಚಾಮರಾಜ ಒಡೆಯರು ರಾಜಪ್ರಮುಖರಾದರು, 1956ರಲ್ಲಿ ಏಕೀಕರಣವಾದಾಗ ಹೊಸ ರಾಜ್ಯದ ಮೊದಲ ರಾಜ್ಯಪಾಲರಾದರು. ಜನ ಅವರನ್ನು ಗೌರವದಿಂದಲೇ ನಡೆಸಿಕೊಂಡರು. ಹೊಸ ಮಂತ್ರಿಗಳು ಹಳೆಯ ದಿವಾನರಿಗಿಂತ ಜಾಣರಾಗಿದ್ದರು, ಪ್ರಾಮಾಣಿಕರಾಗಿದ್ದರು ಎಂದೂ ಹೇಳಲಾಗದು. ಮಂತ್ರಿಮಂಡಲ ರಚನೆಯಾದ ದಿನದಿಂದಲೇ ಗುಂಪುಗಾರಿಕೆ, ಜಾತಿ ಲೆಕ್ಕಾಚಾರ, ಪದವಿಯ ಜಗಳ ಶುರುವಾದವು. ದಿವಾನರ ಕಾಲವೇ ಚೆನ್ನಾಗಿತ್ತು ಎಂಬ ಗೊಣಗಾಟ ಆಗಲೂ ಇತ್ತು, ಈಗಲೂ ಕೇಳುತ್ತದೆ.

ಆ ಗೊಣಗಾಟಕ್ಕೆ ಉತ್ತರ 1956ರ ಆಗಸ್ಟಿನಲ್ಲಿದೆ. ಆಗ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು, ಒಳ್ಳೆಯ ಆಡಳಿತಗಾರ, ಏಕೀಕರಣಕ್ಕೆ ದನಿಗೊಟ್ಟವರು. ಅವರು ಎದೆಯುಬ್ಬಿಸಿ ಕಟ್ಟಿಸಿದ ವಿಧಾನಸೌಧ ಮುಗಿಯುವ ಹಂತದಲ್ಲಿತ್ತು. ಅಷ್ಟರಲ್ಲೇ ಸ್ವಂತ ಪಕ್ಷದ ಶಾಸಕರ ವಿಶ್ವಾಸ ಕಳೆದುಕೊಂಡು ರಾಜೀನಾಮೆ ಕೊಟ್ಟರು. ಕಡಿದಾಳ್ ಮಂಜಪ್ಪ ಆ ಸ್ಥಾನಕ್ಕೆ ಬಂದರು. ಹನುಮಂತಯ್ಯನವರನ್ನು ಇಳಿಸಿದ್ದು ಸರಿಯೇ ತಪ್ಪೇ ಎಂದು ಇಂದಿಗೂ ವಾದ ಮಾಡಬಹುದು. ರಂಗಾಚಾರ್ಲು ಕಾಲದಿಂದ ಮೊದಲಿಯಾರ್ ಕಾಲದವರೆಗೆ ಅರವತ್ತಾರು ವರ್ಷದಲ್ಲಿ ಒಬ್ಬ ದಿವಾನನನ್ನೂ ಯಾವ ಸಭೆಯೂ ಹೀಗೆ ಮನೆಗೆ ಕಳಿಸಲು ಸಾಧ್ಯವಿರಲಿಲ್ಲ. ಸ್ವಾತಂತ್ರ್ಯ ಬಂದು ಒಂಬತ್ತೇ ವರ್ಷಕ್ಕೆ, ಒಂದು ಲಾಠಿಯೂ ಏಳದೆ, ಒಂದು ಗುಂಡೂ ಹಾರದೆ, ಪ್ರತಿನಿಧಿಗಳು ಸರ್ಕಾರ ಬದಲಿಸಿದರು. ಒಳ್ಳೆಯ ಕೆಲಸಗಾರನನ್ನೂ ಬೇಡವೆನ್ನುವ ಈ ಅಧಿಕಾರಕ್ಕಾಗಿಯೇ ಶಿವಪುರದಲ್ಲಿ ಜನ ಆಜ್ಞೆ ಮುರಿದಿದ್ದರು.